ಹುಲ್ಲು ನೋಯದ ಹಾಗೆ

ನಿವೃತ್ತಳಾದ ಮಾರನೆಯ ಬೆಳಿಗ್ಗೆ ನನಗೆ ಹಕ್ಕಿಗಳ ದನಿ ಕೇಳಿಸಿತು. ಅವು ದಿನವೂ ಕೂಗುತ್ತಿದ್ದವೇನೋ, ನನ್ನ ಕಿವಿ ಅಲ್ಲಿರಲಿಲ್ಲ. ನೌಕರಿಯ ಎಷ್ಟೋ ಬೆಳಗುಗಳನ್ನು ನಾನು ಹೆಡ್‌ಫೋನ್ ಹಾಕಿಕೊಂಡು, ತಲೆ ತಗ್ಗಿಸಿ, ನೆಲದೊಳಗಿನ ಸದ್ದು ಕೇಳುತ್ತಾ ಕಳೆದವಳು. ಮಂಜು ಇನ್ನೂ ಕರಗದ ಮೈದಾನದಲ್ಲಿ ಯಂತ್ರದ ತಟ್ಟೆಯನ್ನು ಹುಲ್ಲಿನ ಮೇಲೆ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ತೂಗುತ್ತಾ ನಡೆಯುತ್ತಿದ್ದರೆ, ಹೊರಗಿನ ಲೋಕ ದೂರದ ಊರಿನ ಹಾಗೆ ಅನ್ನಿಸುತ್ತಿತ್ತು. ಜನರ ತುಟಿ ಆಡುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ.

ನಾನು ಪೊಲೀಸ್ ತಪಾಸಣೆ ತಂಡದಲ್ಲಿದ್ದೆ. ಮಂತ್ರಿಗಳು, ದೊಡ್ಡ ಅಧಿಕಾರಿಗಳು ಬರುವ ಜಾಗಕ್ಕೆ ನಾವು ಮೊದಲು ಹೋಗಬೇಕು. ಅತಿಥಿಗೃಹದ ಹಾಸಿಗೆ, ಹೂಕುಂಡ, ವೇದಿಕೆಯ ಕೆಳಗೆ, ಅಂಗಳದ ಹುಲ್ಲುಹಾಸು, ಹೆಲಿಕಾಪ್ಟರ್ ಇಳಿಯುವ ಬಯಲು, ಎಲ್ಲವನ್ನೂ ಮೆಟಲ್ ಡಿಟೆಕ್ಟರ್ ಹಿಡಿದು ನೋಡಬೇಕು. ಈಗ ಈ ಕೆಲಸಕ್ಕೆ ಹೊಸ ಹೆಣ್ಣುಮಕ್ಕಳು ಬಂದಿದ್ದಾರೆ. ಮೊನ್ನೆ ಅವರಲ್ಲಿ ಒಬ್ಬಳು ಫೋನ್ ಮಾಡಿ, "ಗಂಗಕ್ಕ, ಎಷ್ಟು ಬಾಂಬ್ ಹಿಡಿದಿದ್ದೀರಿ?" ಎಂದು ಕೇಳಿದಳು. ಒಂದೂ ಇಲ್ಲ ಎಂದಾಗ ಅವಳಿಗೆ ನಿರಾಸೆಯಾದದ್ದು ಫೋನಿನಲ್ಲೇ ಗೊತ್ತಾಯಿತು. ನಿಜ ಹೇಳಬೇಕೆಂದರೆ ಅನುಮಾನದ ವಸ್ತು ಕಂಡರೆ ನಾವು ಮುಟ್ಟುವಂತೆಯೇ ಇಲ್ಲ, ಅದಕ್ಕೆ ಬೇರೆ ತಂಡವಿದೆ. ನಮ್ಮ ಪಾಲಿಗೆ ಬಂದದ್ದೆಲ್ಲ ಸೋಡಾ ಬಾಟಲಿಯ ಮುಚ್ಚಳ, ಶಾಮಿಯಾನದ ಗೂಟ, ಎತ್ತಿನ ಲಾಳ, ಮೊಳೆ, ಸತ್ತ ಬ್ಯಾಟರಿ. ಇವನ್ನು ಹೊರತೆಗೆಯುವುದೇ ನಮ್ಮ ಕೆಲಸ. ಹೊರತೆಗೆದ ಮೇಲೆ ನೆಲ ಮೊದಲಿನ ಹಾಗೆ ಕಾಣಬೇಕು ಎನ್ನುವುದನ್ನು ನಮಗೆ ಯಾರೂ ಕಲಿಸಿರಲಿಲ್ಲ.

ಅದನ್ನು ಕಲಿತದ್ದು ಶಿರಸಿಯ ಒಂದು ಅತಿಥಿಗೃಹದಲ್ಲಿ. ನಮ್ಮ ಸಬ್ ಇನ್ಸ್‌ಪೆಕ್ಟರ್ ಪಾಟೀಲ ಸಾಹೇಬರು ಹಾವೇರಿ ಕಡೆಯವರು. ಮೀಸೆ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಮಧ್ಯಾಹ್ನ ಮಂತ್ರಿಗಳು ಬರುವವರಿದ್ದರು. ಹುಲ್ಲುಹಾಸಿನ ಮೇಲೆ ಹೆಜ್ಜೆಗೊಂದು ಸದ್ದು ಬರತೊಡಗಿತು.

"ಏನ್ ನೋಡಕೋಂತ ನಿಂತೀರಿ? ಅಗೀರಿ, ಅಗೀರಿ!" ಎಂದರು ಸಾಹೇಬರು.

ನಾವು ಗುದ್ದಲಿಯಿಂದ ಅಗೆದೆವು. ಹಿಂದಿನ ಯಾವುದೋ ಮದುವೆಯಲ್ಲಿ ಕುಡಿದು ಎಸೆದ ಸೋಡಾ ಮುಚ್ಚಳಗಳು ಬುಟ್ಟಿ ತುಂಬ ಸಿಕ್ಕವು. ಕೆಲಸ ಮುಗಿದಾಗ ಆ ಅಂಗಳ ಕಾಡುಹಂದಿಗಳ ಹಿಂಡು ಹೊಕ್ಕು ಹೋದ ಗದ್ದೆಯಂತಾಗಿತ್ತು. ಅಲ್ಲಿಯ ಮಾಲಿ ನಾಗಪ್ಪ ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದ. ನೀರು ಬಿಡುವ ಪೈಪನ್ನು ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಸುಮ್ಮನೆ ಸವರುತ್ತಿದ್ದ. ಸಾಹೇಬರು ಗಾಬರಿಯಾಗಿ ಜಗಲಿಯಲ್ಲಿದ್ದ ಹೂಕುಂಡಗಳನ್ನೆಲ್ಲ ತರಿಸಿ ಒಂದೊಂದು ಗುಂಡಿಯ ಮೇಲೆ ಒಂದೊಂದು ಇಡಿಸಿದರು. ಮಂತ್ರಿಗಳು ಕಾರಿನಿಂದ ಇಳಿದು ಕುಂಡಗಳ ನಡುವೆ ಸೊಟ್ಟಸೊಟ್ಟ ನಡೆದು ಬಂದು, "ಇದೇನ್ರೀ, ಚದುರಂಗ ಇದ್ದಂಗೆ ಇಟ್ಟೀರಲ್ಲ?" ಎಂದು ನಕ್ಕರು. ಸಾಹೇಬರೂ ನಕ್ಕರು. ನಾಗಪ್ಪ ಮಾತ್ರ ನಗಲಿಲ್ಲ.

ಅದೇ ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರ ಎಳನೀರು ಕುಡಿದೆ. ಮಾರುವವನು ಕಾಯಿಯ ಮೇಲ್ಭಾಗವನ್ನು ಪೂರ್ತಿ ಹಾರಿಸಲಿಲ್ಲ. ಒಂದು ಕಡೆ ಸಿಪ್ಪೆ ಹಿಡಿದುಕೊಂಡಿರುವಂತೆ ಕೆತ್ತಿ, ಮುಚ್ಚಳದ ಹಾಗೆ ಹಿಂದಕ್ಕೆ ಮಡಚಿ ಕೊಟ್ಟ. ಕುಡಿದ ಮೇಲೆ ನಾನು ಆ ಮುಚ್ಚಳವನ್ನು ಮುಚ್ಚಿ, ತೆರೆದು, ಮತ್ತೆ ಮುಚ್ಚಿ ನೋಡಿದೆ. ಮುಚ್ಚಿದಾಗ ಗೆರೆ ಕಾಣುತ್ತಿರಲಿಲ್ಲ. ಬಸ್ ಹೊರಟದ್ದೂ ತಿಳಿಯದೆ ಹಾಗೇ ನಿಂತಿದ್ದೆ, ಆ ರಾತ್ರಿ ಶಿರಸಿಯಲ್ಲೇ ಉಳಿಯಬೇಕಾಯಿತು.

ಮಾರನೆಯ ದಿನ ನಾಗಪ್ಪನ ಹತ್ತಿರ ಹೋಗಿ, ಗುಂಡಿಗಳನ್ನು ಮುಚ್ಚಲು ಕೈ ಜೋಡಿಸಿದೆ. ಅವನ ಅಗಲ ಬಾಯಿಯ ಚಾಕು ತೆಗೆದುಕೊಂಡು, ಹುಲ್ಲುಹಾಸಿನ ಒಂದು ಮೂಲೆಯಲ್ಲಿ ಮೂರು ಕಡೆ ಕೊಯ್ದು, ನಾಲ್ಕನೆಯ ಕಡೆಯನ್ನು ಹಾಗೇ ಬಿಟ್ಟು ಮಡಚಿದೆ. ಬೇರು ಸಮೇತ ದಪ್ಪಗೆ ಎದ್ದಿತು. ನಾಗಪ್ಪ ಬಂದು ಬಗ್ಗಿ ನೋಡಿದ.

"ಅಕ್ಕಾ, ಇಳಿಜಾರು ಈ ಕಡೆಗದೆ. ಮಡಚೋ ಬದಿ ಮೇಲುಗಡೆ ಇರ್ಲಿ. ಇಲ್ದಿದ್ರೆ ಮಳೆ ನೀರು ಅಡಿಗೆ ಹೊಕ್ಕಿ ಎತ್ತಿ ಒಗೀತದೆ," ಎಂದ.

ನಾನು ಹೇಳಿದೆ, ಅವನು ತಿದ್ದಿದ. ಮತ್ತೆ ಅವನು ಹೇಳಿದ, ನಾನು ಮಾಡಿ ನೋಡಿದೆ. ತೆಗೆದ ಮಣ್ಣನ್ನು ಹುಲ್ಲಿನ ಮೇಲೆ ಸುರಿಯದೆ ಪ್ಲಾಸ್ಟಿಕ್ ಹಾಳೆಯ ಮೇಲೆ ಹಾಕಿಕೊಳ್ಳುವುದು. ವಸ್ತು ಸಿಕ್ಕ ಮೇಲೂ ಗುಂಡಿಯೊಳಗೆ ಇನ್ನೊಮ್ಮೆ ಕಿವಿಗೊಡುವುದು. ಮಣ್ಣನ್ನು ಹಾಳೆಯಿಂದಲೇ ಹಿಂದಕ್ಕೆ ಜಾರಿಸಿ, ಹುಲ್ಲನ್ನು ಮಡಚಿ, ಕಾಲಿನಿಂದ ತುಳಿಯದೆ ಅಂಗೈಯಿಂದ ಒತ್ತಿ, ನೀರು ಹಾಕುವುದು. ಸುಡುಬಿಸಿಲಿನ ತಿಂಗಳಲ್ಲಿ ಹುಲ್ಲನ್ನು ಕೊಯ್ದರೆ ಎಷ್ಟು ನಾಜೂಕಾಗಿ ಮುಚ್ಚಿದರೂ ಹಳದಿಯಾಗುತ್ತದೆ ಎನ್ನುವುದು ಆಮೇಲೆ ತಿಳಿಯಿತು. ಇಬ್ಬನಿ ಇರುವ ಬೆಳಗೇ ಒಳ್ಳೆಯದು. ಹೊಸಬರಿಗೆ ನಾನು ಹೇಳಬಹುದಾದ ವಿದ್ಯೆ ಇಷ್ಟೇ. ಉಳಿದದ್ದನ್ನು ಯಂತ್ರದ ಕಂಪನಿಯವರು ಪುಸ್ತಕದಲ್ಲಿ ಬರೆದಿರುತ್ತಾರೆ.

ಪುಸ್ತಕದಲ್ಲಿ ಬರೆಯದ ಒಂದು ಸಂಗತಿಯೂ ಇದೆ. ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ, ಜಂಬಿಟ್ಟಿಗೆ ಕಲ್ಲಿನಲ್ಲಿ, ಕಬ್ಬಿಣ ಸೇರಿಕೊಂಡಿದೆ. ಹಾಗಾಗಿ ಏನೂ ಇಲ್ಲದ ಜಾಗದಲ್ಲೂ ನೆಲ ಗುಂಯ್ ಎನ್ನುತ್ತಲೇ ಇರುತ್ತದೆ. ಹಳೆಯ ಯಂತ್ರದಲ್ಲಂತೂ ಆ ಸದ್ದು ಜೋಗುಳದ ಹಾಗೆ ಬಿಡುವಿಲ್ಲದೆ ಬರುತ್ತಿತ್ತು. ಆ ಗುಂಗಿನ ನಡುವೆ ಎಲ್ಲೋ ಒಂದು ಕಡೆ ದನಿ ಚೂರು ಚೂಪಾಗುತ್ತದೆ, ಅದನ್ನೇ ಹಿಡಿಯಬೇಕು. ಆಮೇಲೆ ಬಂದ ಹೊಸ ಯಂತ್ರದಲ್ಲಿ ಪರದೆಯ ಮೇಲೆ ಅಂಕಿ ಮೂಡುತ್ತದೆ, ಭಾರವೂ ಇಲ್ಲ. ಹುಡುಗಿಯರು ಅಂಕಿ ನೋಡುತ್ತಾರೆ. ನಾನು ಕಣ್ಣು ಮುಚ್ಚಿಯೇ ಕೇಳುತ್ತಿದ್ದೆ. "ಗಂಗಕ್ಕ ನಿದ್ದಿ ಹೊಡ್ಯಾಕತ್ತಾಳ ನೋಡ್ರಿ," ಎಂದು ಪಾಟೀಲ ಸಾಹೇಬರು ಎಲ್ಲರೆದುರು ತಮಾಷೆ ಮಾಡುತ್ತಿದ್ದರು. ಒಂದು ಲೆಕ್ಕದಲ್ಲಿ ಅದು ನಿದ್ದೆಯೇ ಇದ್ದಿರಬಹುದು.

ಸಿದ್ದಾಪುರದ ಹತ್ತಿರ ಒಂದು ಶಾಲೆಯ ಬಯಲಿನಲ್ಲಿ ಹೆಲಿಕಾಪ್ಟರ್ ಇಳಿಯುವುದಿತ್ತು. ಅಲ್ಲಿ ಹುಲ್ಲನ್ನು ಮೂರು ಕಡೆ ಕೊಯ್ದು ಮಡಿಕೆ ತೆರೆದಾಗ ಕಂಚಿನ ಗಂಟೆಯೊಂದು ಸಿಕ್ಕಿತು. ಒಳಗಿನ ಮರದ ನಾಲಗೆ ಕರಗಿ ಹೋಗಿತ್ತು. ನೋಡಲು ನಿಂತ ಜನರಲ್ಲಿ ರಾಮ ನಾಯ್ಕ ಎಂಬ ಮುದುಕರೊಬ್ಬರು ಅದನ್ನು ಕೈಗೆ ತೆಗೆದುಕೊಂಡು, ಉಗುರಿನಿಂದ ಒಮ್ಮೆ ತಟ್ಟಿ, ಕಿವಿಗೆ ಹಿಡಿದರು.

"ಇದು ನಮ್ಮ ಕೆಂಪನದ್ದು. ನಾ ಸಣ್ಣವ ಇದ್ದಾಗ ಈ ಬ್ಯಾಣದಾಗೇ ಮೇಯಾಕೆ ಬಿಟ್ಟಾಗ ಕಳ್ಕಂಡಿತ್ತು," ಎಂದರು.

ಕೆಂಪ ಎಂದರೆ ಅವರ ಎತ್ತು. ಸತ್ತು ಎಷ್ಟೋ ಕಾಲವಾದ ಎತ್ತಿನ ಹೆಸರನ್ನು ಅವರು ಪಕ್ಕದ ಮನೆಯವನ ಹೆಸರು ಹೇಳಿದಷ್ಟು ಸಲೀಸಾಗಿ ಹೇಳಿದರು. ಸಾಹೇಬರು ಗಂಟೆಯನ್ನು ಅವರಿಗೇ ಕೊಡಿಸಿದರು. ಅವರು ರಸ್ತೆಯುದ್ದಕ್ಕೂ ಉಗುರಿನಿಂದ ತಟ್ಟುತ್ತಾ ಹೋದರು. ಹೆಡ್‌ಫೋನ್ ತೆಗೆದಿಟ್ಟು, ಆ ದನಿ ತಿರುವಿನಾಚೆ ಮರೆಯಾಗುವವರೆಗೂ ನಾನು ಕೇಳುತ್ತಾ ನಿಂತೆ.

ಆದರೆ ಈ ಬರಹಕ್ಕೆ ಕುಳಿತದ್ದು ಯಲ್ಲಾಪುರದ ಒಂದು ಮನೆಯ ವಿಷಯ ಹೇಳಲಿಕ್ಕೆ.

ನಾನು ನಿವೃತ್ತಳಾಗುವ ಮುಂಚಿನ ಚಳಿಗಾಲ. ಭಾಸ್ಕರ ಭಟ್ಟರು ಎಂಬ ನಿವೃತ್ತ ಚಿತ್ರಕಲಾ ಮಾಸ್ತರರು ಪಾಟೀಲ ಸಾಹೇಬರನ್ನು ಹುಡುಕಿಕೊಂಡು ಬಂದಿದ್ದರು. ಅವರ ಹೆಂಡತಿ ಸುಮಿತ್ರಮ್ಮನಿಗೆ ಮರೆವಿನ ಕಾಯಿಲೆ. ಮನೆಯ ಮುಂದಿನ ಹುಲ್ಲುಹಾಸಿನಲ್ಲಿ ಅವರು ಕೈಗೆ ಸಿಕ್ಕಿದ್ದನ್ನೆಲ್ಲ ಹುಗಿಯತೊಡಗಿದ್ದರು. ಈಗ ಕೊರಳಿನ ಮಂಗಳಸೂತ್ರವೂ ಕಾಣುತ್ತಿರಲಿಲ್ಲ. ಕಳೆದುಹೋದದ್ದು ಏನೆಂದು ಅವರಿಗೆ ಗೊತ್ತಿರಲಿಲ್ಲ, ಕಳೆದಿದೆ ಎನ್ನುವುದು ಮಾತ್ರ ಗೊತ್ತಿತ್ತು. ಹಗಲೆಲ್ಲ ಕೊರಳು ಸವರಿಕೊಳ್ಳುತ್ತಾ ಬಾಗಿಲಿನಿಂದ ಬಾಗಿಲಿಗೆ ಓಡಾಡುತ್ತಿದ್ದರು. ಊಟ ಬಿಟ್ಟಿದ್ದರು.

ಸಾಹೇಬರು ಮೀಸೆ ತಿರುವಿದರು. "ಸರ್ಕಾರಿ ಮಷೀನ್ ಮನಿ ಕೆಲಸಕ್ಕ ಕೊಡಾಕ ಬರಂಗಿಲ್ರೀ ಮಾಸ್ತರ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ರಿಪೇರಿ ಆಗಿ ಬಂದದಲ್ಲ, ಅದನ್ನ ಎಲ್ಲೆರ ಟೆಸ್ಟ್ ಮಾಡಬೇಕಲ್ಲ ಗಂಗಕ್ಕ? ಹುಲ್ಲಿರೋ ಜಾಗ ನೋಡಿ ಮಾಡ್ರಿ," ಎಂದು ಫೈಲಿನೊಳಗೆ ಮುಖ ಹುದುಗಿಸಿದರು. ನಾನು ಕೆಲಸ ಮಾಡಿದ ಮೇಲಧಿಕಾರಿಗಳಲ್ಲಿ ಕಾನೂನನ್ನು ಇಷ್ಟು ಮೆತ್ತಗೆ ಬಗ್ಗಿಸಿದವರು ಬೇರೆ ಯಾರೂ ಇಲ್ಲ.

ಬೆಳಿಗ್ಗೆ ಆ ಮನೆಗೆ ಹೋದಾಗ ಗೇಟಿನಲ್ಲೇ ತಂದೆ ಮಗಳ ವಾದ ನಡೆದಿತ್ತು. ಮಗಳು ಅನಸೂಯ ಊರಿನಲ್ಲೇ ಕಾಲೇಜಿನಲ್ಲಿ ಪಾಠ ಮಾಡುವವಳು, ತಂದೆತಾಯಿಯ ಜೊತೆಯಲ್ಲೇ ಇದ್ದಳು.

"ಅಪ್ಪಯ್ಯ, ಇಡೀ ಹುಲ್ಲು ಕೆತ್ತಿಸಿದ್ರೆ ಒಂದೇ ದಿನಕ್ಕೆ ಸಿಗ್ತು. ಆಯಿ ಉಣ್ತಾನೇ ಇಲ್ಲೆ. ಹುಲ್ಲು ಮತ್ತೆ ನೆಡ್ಲಕ್ಕು."

"ನೆಡ್ಲಕ್ಕು," ಎಂದರು ಭಟ್ಟರು. "ಅವಳು ನೆಟ್ಟ ಹುಲ್ಲು ಇನ್ನೊಂದು ಸಲ ಸಿಗ್ತಿಲ್ಲೆ."

ಆಮೇಲೆ ನನಗೆ ತಿಳಿಸಿ ಹೇಳಿದರು. ಆ ಹುಲ್ಲುಹಾಸನ್ನು ಸುಮಿತ್ರಮ್ಮ ಮದುವೆಯಾಗಿ ಈ ಮನೆಗೆ ಬಂದ ಮೇಲೆ ಹಿಡಿಹಿಡಿಯಾಗಿ ತಂದು, ಕುಕ್ಕರಗಾಲಿನಲ್ಲಿ ಕುಳಿತು ನೆಟ್ಟದ್ದು. ಈಗ ಅವರಿಗೆ ಮನೆಯ ಕೋಣೆಗಳು ಗುರುತು ಸಿಗುತ್ತಿರಲಿಲ್ಲ. ಮಗಳನ್ನು ಯಾರೋ ಮಾಸ್ತರಣಿ ಅಂದುಕೊಂಡಿದ್ದರು. ಬರಿಗಾಲಿನಲ್ಲಿ ಹುಲ್ಲಿನ ಮೇಲೆ ನಡೆಯುವಾಗ ಮಾತ್ರ, "ಇದು ನಮ್ಮನೆ," ಎನ್ನುತ್ತಿದ್ದರು. ಅದನ್ನು ಕೆತ್ತಿ ಹಾಕಿದರೆ ಅವರಿಗೆ ಈ ಭೂಮಿಯ ಮೇಲೆ ಗುರುತಿನ ಜಾಗವೇ ಉಳಿಯುತ್ತಿರಲಿಲ್ಲ. ಸರ ಸಿಗದಿದ್ದರೆ ಅವರ ಸಂಕಟ ತೀರುವಂತಿರಲಿಲ್ಲ. ಅಪ್ಪ ಮಗಳು ಇಬ್ಬರೂ ನನ್ನ ಕೈಯಲ್ಲಿದ್ದ ಯಂತ್ರವನ್ನೇ ನೋಡುತ್ತಿದ್ದರು. ಅಷ್ಟು ವರ್ಷ ಮಂತ್ರಿಗಳ ಜೀವಕ್ಕಾಗಿ ಹುಡುಕುವಾಗಲೂ ಅದನ್ನು ಯಾರೂ ಹಾಗೆ ನೋಡಿರಲಿಲ್ಲ.

ಹೆಡ್‌ಫೋನ್ ಹಾಕಿದೆ. ನೆಲ ತನ್ನ ಗುಂಗು ಶುರು ಮಾಡಿತು. ಕಾಂಪೌಂಡಿನ ಬದಿಗೆ ಹೋಗುತ್ತಿದ್ದಂತೆ ಸದ್ದು ಚೂಪಾಯಿತು. ಅಲ್ಲಿಂದ ಗೇಣು ದೂರದಲ್ಲಿ ಇನ್ನೊಂದು, ಮತ್ತೆ ಗೇಣು ದೂರದಲ್ಲಿ ಮತ್ತೊಂದು. ಮಡಿ ಮಾಡಿ ಸಸಿ ನಾಟಿದ ಹಾಗೆ ಸಾಲು ಸರಿಯಾಗಿತ್ತು. ಮೊದಲನೆಯ ಮಡಿಕೆ ತೆರೆದೆ. ಒಂದು ಚಮಚ, ತಲೆ ಮೇಲಾಗಿ ನೇರ ನಿಂತಿತ್ತು.

ಹಿಂದೆ ಯಾರೋ ಕುಳಿತಂತಾಯಿತು. ಸುಮಿತ್ರಮ್ಮ. ನಾನು ಹೆಡ್‌ಫೋನ್ ತೆಗೆದೆ. ಬೆಳ್ಳಗಿನ ಪುಟ್ಟ ಮುಖ, ಹಸಿರು ಸೀರೆ. ಗುಟ್ಟು ಕೇಳುವವರಂತೆ ಹತ್ತಿರ ಬಗ್ಗಿದರು.

"ಮೊಳಕೆ ಬಂತನೇ ಕೂಸೇ?"

"ಇನ್ನೂ ಇಲ್ಲ ಅಮ್ಮ," ಎಂದೆ.

"ಹಂಗಾರೆ ಕೀಳಡ. ಆನು ನೆಟ್ಟಿದ್ದು. ಅಲ್ಲೇ ಇರ್ಲಿ."

ನಾನು ಭಟ್ಟರ ಮುಖ ನೋಡಿದೆ. ಅವರು ಇರಲಿ ಎನ್ನುವಂತೆ ತಲೆಯಾಡಿಸಿದರು. ಚಮಚವನ್ನು ಇದ್ದ ಹಾಗೇ ನಿಲ್ಲಿಸಿ, ಮಣ್ಣು ಜಾರಿಸಿ, ಹುಲ್ಲು ಮಡಚಿ ಅಂಗೈಯಿಂದ ಒತ್ತಿದೆ. ಸುಮಿತ್ರಮ್ಮ ನನ್ನ ಕೈಯ ಪಕ್ಕದಲ್ಲಿ ತಮ್ಮ ಕೈಯಿಟ್ಟು ತಾವೂ ಒತ್ತಿದರು. ಅವರ ಅಂಗೈ ನನ್ನದಕ್ಕಿಂತ ಪಳಗಿದ್ದಾಗಿತ್ತು.

ಆ ಬೆಳಗೆಲ್ಲ ನಾವು ಹಾಗೆಯೇ ಕಳೆದೆವು. ಮಡಿಕೆ ತೆರೆಯುವುದು, ನೋಡುವುದು, ಮುಚ್ಚುವುದು. ಸೌಟು, ಬೀಗದ ಕೈ, ಇಕ್ಕಳ, ದೇವರ ಕೋಣೆಯ ಆರತಿ. ಒಂದು ಗುಂಡಿಯಲ್ಲಿ ಭಟ್ಟರ ಹಳೆಯ ಕೈವಾರ ಸಿಕ್ಕಿತು. ಅದನ್ನು ಕಂಡು ಅವರಿಗೆ ಆಸೆಯಾಯಿತು. ಚಾಚಿದ ಕೈಯನ್ನು ಹೆಂಡತಿಯ ಮುಖ ನೋಡಿ ಹಿಂದಕ್ಕೆಳೆದುಕೊಂಡರು.

"ಮನೆಲಿ ಒಂದೂ ಚಮಚ ಇಲ್ಲೆ ಅಪ್ಪಯ್ಯ, ಅದನ್ನಾದ್ರೂ ತಗಳನ," ಎಂದಳು ಅನಸೂಯ. ಹೇಳುತ್ತಾ ಹೇಳುತ್ತಾ ಅವಳಿಗೇ ನಗು ಬಂತು. ಆ ನಗು ಹೇಗೋ ಅಳುವಿನ ಕಡೆ ತಿರುಗಿತು, ಒಳಗೆ ಹೋದಳು.

ಸಾಲುಗಳೆಲ್ಲ ಮುಗಿದವು. ಸರ ಸಿಗಲಿಲ್ಲ. ತೆಳ್ಳಗಿನ ಸರಪಳಿಯನ್ನು ಯಂತ್ರ ಸುಲಭವಾಗಿ ಹಿಡಿಯುವುದಿಲ್ಲ. ಕರಿಮಣಿ ಅದಕ್ಕೆ ಕಾಣುವುದೇ ಇಲ್ಲ. ನಮ್ಮ ಮಣ್ಣಿನ ಗುಂಗಿನಲ್ಲಿ ಎರಡು ಸಣ್ಣ ತಾಳಿಯ ದನಿ ಮುಳುಗಿಹೋಗಿರಬೇಕು. ಬಿಸಿಲು ಏರುತ್ತಿತ್ತು, ಇಬ್ಬನಿ ಆರಿತ್ತು. ನಾನು ಹೆಡ್‌ಫೋನ್ ಕೊರಳಿಗೆ ಇಳಿಸಿ ಮೆಟ್ಟಿಲ ಮೇಲೆ ಕುಳಿತೆ.

ಸುಮಿತ್ರಮ್ಮ ನಡೆಯತೊಡಗಿದರು. ಅವರು ದಿನವೂ ನಡೆಯುತ್ತಿದ್ದುದು ಹಾಗೆಯೇ ಅಂತೆ, ನಿಧಾನವಾಗಿ, ಹುಲ್ಲಿನ ಇಂಚಿಂಚನ್ನೂ ಪಾದದಿಂದ ಮುಟ್ಟುತ್ತಾ. ನೋಡುತ್ತಾ ನೋಡುತ್ತಾ ನನಗೆ ಮಂಪರು ಬಂದಂತಾಯಿತು. ಹಸಿರು ಸೀರೆಯ ಅಂಚು ಹುಲ್ಲಿನೊಳಗೆ ಹೋಗಿ ಬರುತ್ತಿತ್ತು. ಅದೇ ಮಂಪರಿನಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ದಾಸವಾಳದ ಗಿಡದ ಈಚೆ ಒಂದು ಜಾಗಕ್ಕೆ ಬಂದಾಗ ಅವರು ತುಸು ಬಳಸಿ ಹೋಗುತ್ತಿದ್ದರು. ಮತ್ತೆ ಬಂದಾಗಲೂ ಬಳಸಿದರು. ಚಾಪೆಯ ಮೇಲೆ ಮಲಗಿದ ಕೂಸನ್ನು ದಾಟದೆ ಸುತ್ತಿಕೊಂಡು ಹೋಗುತ್ತೇವಲ್ಲ, ಹಾಗೆ.

ನಾನು ಅಲ್ಲಿ ಮೊಣಕಾಲೂರಿ ಕಣ್ಣು ಮುಚ್ಚಿ ಕೇಳಿದೆ. ಗುಂಗು, ಗುಂಗು, ಅದರೊಳಗೆ ಉಸಿರಿನಷ್ಟು ಸಣ್ಣದೊಂದು ದನಿ. ಯಂತ್ರದ ಪರದೆಯಲ್ಲಿ ಏನೂ ಮೂಡಿರಲಿಲ್ಲ.

ಸುಮಿತ್ರಮ್ಮ ನಡಿಗೆ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. "ತೆರೀಲಾ ಅಮ್ಮ?" ಎಂದು ಕೇಳಿದೆ. "ಮೆಲ್ಲಗೆ," ಎಂದರು.

ಮೂರು ಕಡೆ ಕೊಯ್ದೆ. ಮಡಚಲು ಹೋದಾಗ ಹುಲ್ಲಿನ ಜೊತೆಗೇ ಸರ ಎದ್ದು ಬಂತು. ಅದು ಗುಂಡಿಯಲ್ಲಿರಲಿಲ್ಲ, ಹುಲ್ಲಿನ ಬುಡದಲ್ಲೇ ಇತ್ತು. ಬಿಳಿ ಬೇರುಗಳು ಸರಪಳಿಯ ಕೊಂಡಿಗಳೊಳಗೆ, ಕರಿಮಣಿಗಳ ನಡುವೆ, ತಾಳಿಗಳ ಸುತ್ತ ಹೆಣೆದುಕೊಂಡಿದ್ದವು. ಚಾಕು ಬದಿಗಿಟ್ಟು, ಬೆರಳಿನ ತುದಿಯಿಂದ ಒಂದೊಂದೇ ಬೇರನ್ನು ಬಿಡಿಸಿದೆ. ಸುಮಿತ್ರಮ್ಮ ಪಕ್ಕದಲ್ಲಿ ಕುಳಿತು ಮಗುವಿನ ತಲೆ ಬಾಚುವುದನ್ನು ನೋಡುವಂತೆ ನೋಡಿದರು. ಬೇಡ ಎನ್ನಲಿಲ್ಲ. ಎರಡು ಮೂರು ಬೇರಿನ ಎಳೆಗಳು ಮಾತ್ರ ಬಿಡಲಿಲ್ಲ. ಅವು ಸರದ ಜೊತೆಯಲ್ಲೇ ಬಂದವು.

ಭಟ್ಟರು ಸರವನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರು. ಪಂಚೆಯ ತುದಿಯಲ್ಲಿ ಒರೆಸಿಕೊಂಡು ಬಂದು ಹೆಂಡತಿಯ ಎದುರು ನಿಂತರು. ಅನಸೂಯ ಬಾಗಿಲಿಗೆ ಬಂದಿದ್ದಳು.

ಸರವನ್ನು ಕಂಡದ್ದೇ ಸುಮಿತ್ರಮ್ಮ ಎದ್ದು ನಿಂತು ಎರಡು ಹೆಜ್ಜೆ ಹಿಂದೆ ಸರಿದರು. ಕೈ ಕೊರಳಿಗೆ ಹೋಯಿತು. ಸೆರಗನ್ನು ಹೆಗಲ ಮೇಲೆ ಎಳೆದುಕೊಂಡರು. ಅವರ ಮುಖದಲ್ಲಿ ಮೂಡಿದ್ದು ನಾಚಿಕೆ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಅಪ್ಪಯ್ಯನ ಹತ್ರ ಕೇಳಿದ್ರಾ?" ಎಂದರು.

ಸುಮಿತ್ರಮ್ಮನ ಅಪ್ಪಯ್ಯ ತೀರಿಕೊಂಡು ಬಹಳ ಕಾಲವಾಗಿತ್ತು. ಭಟ್ಟರು ಮಗಳ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ.

"ಕೇಳಿದ್ದೆ. ಒಪ್ಪಿದ್ದ."

"ಆನು ಒಪ್ಪಿದ್ನಿಲ್ಲೆ ಅಂದ್ರೆ?"

"ಹಂಗಾರೆ ಕಾಯ್ತೆ," ಎಂದರು ಭಟ್ಟರು.

ಸುಮಿತ್ರಮ್ಮ ಆ ಮುದುಕನ ಮುಖವನ್ನು, ಕನ್ನಡಕವನ್ನು, ಒದ್ದೆಯಾದ ಪಂಚೆಯನ್ನು ಹೊಸದಾಗಿ ನೋಡುವವರಂತೆ ನೋಡಿದರು. ಆಮೇಲೆ ಅವರು ಸೆರಗು ಬಿಟ್ಟು, ಕೂದಲನ್ನು ಒಂದು ಬದಿಗೆ ಸರಿಸಿ, ಬೆನ್ನು ತಿರುಗಿಸಿ ಕತ್ತು ಬಗ್ಗಿಸಿದರು.

ಭಟ್ಟರು ಸರವನ್ನು ಕೊರಳಿಗೆ ಸುತ್ತಿದರು. ಕೊಕ್ಕೆ ಸಿಕ್ಕಿತು ಎನ್ನುವಷ್ಟರಲ್ಲಿ ಜಾರುತ್ತಿತ್ತು, ಮತ್ತೆ ಹಿಡಿಯುತ್ತಿದ್ದರು. ಅನಸೂಯ ಒಂದು ಮೆಟ್ಟಿಲು ಇಳಿದವಳು ಅಲ್ಲೇ ನಿಂತಳು. ನಾನೂ ಹೋಗಲಿಲ್ಲ. ಸುಮಿತ್ರಮ್ಮ ಮಾತ್ರ ಯಾವ ಅವಸರವೂ ಇಲ್ಲದೆ, ಹುಲ್ಲಿನ ಮೇಲೆ ಬರಿಗಾಲು ಊರಿ, ಕತ್ತು ಬಗ್ಗಿಸಿಕೊಂಡೇ ನಿಂತಿದ್ದರು.